ನೆರೆಯವನ ಹೊಲ ಮತ್ತು ಹತ್ತನೆಯ ಕಟ್ಟಳೆ

ಪರರ ಸೊತ್ತಿಗೆ ಆಸೆಪಡಬಾರದೆಂಬ ಕಟ್ಟಳೆ ಶ್ರೀಗ್ರಂಥದಲ್ಲಿ ಎರಡು ಕಡೆ ಬರುತ್ತದೆ. ವಿಮೋಚನಾಕಾಂಡದ 20ನೇ ಅಧ್ಯಾಯದಲ್ಲಿ ನೆರೆಯವನ ಮನೆ, ಆಳು, ಎತ್ತು, ಕತ್ತೆಗಳ ಹೆಸರಿದೆ, ಹೊಲದ ಹೆಸರಿಲ್ಲ. ಧರ್ಮೋಪದೇಶಕಾಂಡದ 5ನೇ ಅಧ್ಯಾಯದಲ್ಲಿ ಹೊಲವೂ ಸೇರಿದೆ. ಮರುಭೂಮಿಯಲ್ಲಿ ಅಲೆದ ಜನ ನೆಲ ಹಂಚಿಕೊಳ್ಳಲು ಹೊರಟಾಗ ಮೋಶೆ ಹೇಳಿದ ಮಾತು ಅದು. ನೆಲ ಬಂದಲ್ಲಿ ಬದುವಿನ ಜಗಳವೂ ಬರುತ್ತದೆ.

ಬೇಲೂರು ತಾಲ್ಲೂಕಿನ ಗೆಂಡೆಹಳ್ಳಿಯಂಥ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂದು ಗುಂಟೆಯೆಂದರೆ 1,089 ಚದರ ಅಡಿ. 363 ಅಡಿ ಉದ್ದದ ಬದುವನ್ನು ಮೂರೇ ಅಡಿ ಸರಿಸಿದರೆ ಒಂದು ಗುಂಟೆ ಕೈಬದಲಾಯಿತು! ಅದೂ ಒಂದೇ ದಿನದಲ್ಲಿ ಆಗುವುದಲ್ಲ. ಉಳುವಾಗ ವರ್ಷಕ್ಕೊಂದು ಗೇಣು ಆಚೆ ಹೋಗುತ್ತದೆ, ಬೇಲಿ ಹೊಸದು ಮಾಡುವಾಗ ಗೂಟ ಸ್ವಲ್ಪ ಆಚೆ ಬೀಳುತ್ತದೆ, ಬಾಂದುಕಲ್ಲು ಮಣ್ಣಿನಲ್ಲಿ ಮುಚ್ಚಿಹೋಗುತ್ತದೆ. ಕದ್ದೆನೆಂದು ಯಾರಿಗೂ ಅನ್ನಿಸುವುದಿಲ್ಲ. ಕದಿಯಬಾರದೆಂಬ ಏಳನೆಯ ಕಟ್ಟಳೆಯೊಂದೇ ಸಾಲದೆ ಹತ್ತನೆಯದೂ ಬೇಕಾದದ್ದು ಇದಕ್ಕೇ.

ಗಡಿಕಲ್ಲು ಸರಿಸಿದವನಿಗೆ ಧರ್ಮೋಪದೇಶಕಾಂಡ (27:17) ಶಾಪವಿಡುತ್ತದೆ. ನಮ್ಮ ನಾಡಿನ ಹಿರಿಯರೂ ಹಾಗೆಯೇ: ದತ್ತಿಯ ಭೂಮಿ ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಹೇಸಿಗೆಯ ಹುಳುವಾಗಿ ಹುಟ್ಟುವನೆಂದು ದಾನಶಾಸನಗಳ ಕೊನೆಗೆ ಕೆತ್ತಿಸುತ್ತಿದ್ದರು. ಈಗ ಶಾಪದ ಭಯ ಯಾರಿಗಿದೆ? ಕೋರ್ಟಿನ ಖರ್ಚಿನ ಭಯವಷ್ಟೇ.

ಶಾಪಕ್ಕಿಂತ ಅಹಾಬ ಅರಸನ ಕಥೆ ನಮಗೆ ಹತ್ತಿರ. ಅರಮನೆಯ ಪಕ್ಕದ ನಾಬೋತನ ದ್ರಾಕ್ಷಿತೋಟಕ್ಕೆ ಅವನು ಬೇರೆ ಒಳ್ಳೆಯ ತೋಟ ಅಥವಾ ಬೆಲೆ ಕೊಡುವೆನೆಂದ. ಕೇಳಿದ್ದರಲ್ಲಿ ತಪ್ಪೇನೂ ಇಲ್ಲ. ಪಿತ್ರಾರ್ಜಿತವನ್ನು ಕೊಡಲಾರೆನೆಂದು ನಾಬೋತ ಹೇಳಿದ ಮೇಲೆ, ಊಟ ಬಿಟ್ಟು ಗೋಡೆಯ ಕಡೆ ಮುಖಮಾಡಿ ಮಲಗಿದನಲ್ಲ, ಅಲ್ಲಿ ಶುರುವಾಯಿತು. ಸುಳ್ಳುಸಾಕ್ಷಿಯೂ ಕೊಲೆಯೂ ಆ ಹಾಸಿಗೆಯಿಂದಲೇ ಎದ್ದು ಬಂದವು.

ಹಾಗಾದರೆ ನಮ್ಮ ಹಕ್ಕು ಕೇಳುವುದೂ ಪಾಪವೇ? ಅಲ್ಲ, ನಾಬೋತನೂ ಬಿಟ್ಟುಕೊಡಲಿಲ್ಲ. ಅನುಮಾನವಿದ್ದರೆ ಹದ್ದುಬಸ್ತಿಗೆ ಅರ್ಜಿ ಹಾಕಿ. ಸರ್ವೆಯವರು ಅಕ್ಕಪಕ್ಕದ ಹಿಡುವಳಿದಾರರಿಗೆ ನೋಟಿಸು ಕೊಟ್ಟು, ಹಳೆಯ ದಾಖಲೆ ನೋಡಿ, ಅಳೆದು ಗಡಿ ಗುರುತಿಸುತ್ತಾರೆ. ಕಷ್ಟವಿರುವುದು ಅಳತೆ ನಮಗೆ ವಿರುದ್ಧವಾಗಿ ಬಂದಾಗ. "ಸರಿಸಿದ್ದು ನಮ್ಮಪ್ಪ, ನಾನಲ್ಲ" ಎನ್ನುವವರಿದ್ದಾರೆ. ತಿಳಿದ ಮೇಲೂ ಇಟ್ಟುಕೊಂಡರೆ ಅದು ನಮ್ಮದೇ ಪಾಪ. ಅನ್ಯಾಯವಾಗಿ ಬಂದದ್ದನ್ನು ಹಿಂತಿರುಗಿಸಬೇಕೆಂಬುದು ಧರ್ಮಸಭೆಯ ಬೋಧನೆ. ಪಾಪನಿವೇದನೆ ಮಾಡಿದ ಮಾತ್ರಕ್ಕೆ ಆ ಗುಂಟೆ ನಮ್ಮದಾಗದು. ಅಲ್ಲಿ ಬೆಳೆದ ಮರ, ಮೆಣಸಿನ ಬಳ್ಳಿ ಯಾರದೆಂಬುದನ್ನು ನೆರೆಯವರ ಜಗಲಿಯಲ್ಲಿ ಕೂತು ತೀರ್ಮಾನಿಸಬಹುದು. ಅದಕ್ಕೆ ಆ ಮನೆಯ ಬಾಗಿಲು ತೆರೆದಿರಬೇಕು. ಆದುದರಿಂದ ನೋಟಿಸು ಅಲ್ಲಿಗೆ ತಲಪುವ ಮುಂಚೆ ನೀವೇ ಹೋಗಿ, ಅಳತೆ ಮಾಡಿಸುತ್ತಿದ್ದೇನೆಂದು ಹೇಳಿ ಬನ್ನಿ.