ಪರೀಕ್ಷೆ ಫೀಸಿಗೊಂದು ಆರ್‌ಡಿ

ನಮ್ಮ ಮುಳಬಾಗಿಲಿನಲ್ಲಿ ದೊಡ್ಡ ಖರ್ಚು ಎದುರಾದರೆ ಮೊದಲು ಬರುವ ಮಾತು ‘ಚೀಟಿ ಎತ್ತು’. ಮದುವೆ, ಬೋರ್‌ವೆಲ್, ಸೀಮೆಹಸು, ಎಲ್ಲಕ್ಕೂ ಚೀಟಿಯೇ. ಸಿಸ್ಕೊ ಕಂಪನಿಯ ನೆಟ್‌ವರ್ಕಿಂಗ್ ಪರೀಕ್ಷೆ ಸಿಸಿಎನ್‌ಪಿ ಬರೆಯುತ್ತೇನೆ ಅಂದಾಗ ಅಮ್ಮ ಹೇಳಿದ್ದೂ ಅದನ್ನೇ. ಆದರೆ ಮೊದಮೊದಲೇ ಚೀಟಿ ಎತ್ತುವವನು ಕೂಗಿನಲ್ಲಿ ಬಿಟ್ಟುಕೊಡುವ ದುಡ್ಡು ಬಡ್ಡಿಗೇನೂ ಕಮ್ಮಿಯಿಲ್ಲ. ಪರೀಕ್ಷೆಯ ದಿನ ನಮ್ಮ ಕೈಯಲ್ಲೇ ಇರುವಾಗ ಆ ಅವಸರವೇಕೆ?

ಸಿಸ್ಕೊ 2020ರ ಫೆಬ್ರುವರಿಯಲ್ಲಿ ಹಳೆಯ ಸಿಸಿಎನ್‌ಪಿ ವೈರ್‌ಲೆಸ್ ನಿಲ್ಲಿಸಿ, ಅದನ್ನು ಎಂಟರ್‌ಪ್ರೈಸ್ ಸರ್ಟಿಫಿಕೇಟಿನ ಒಂದು ಕವಲಾಗಿಸಿತು. ನಾನು ಬರೆದದ್ದು ಆ ಪದ್ಧತಿಯಲ್ಲಿ. ಆಗ ಎಲ್ಲರೂ ಬರೆಯಬೇಕಾದ ಕೋರ್ ಪೇಪರಿಗೆ 400 ಡಾಲರ್, ವೈರ್‌ಲೆಸ್ ಪೇಪರಿಗೆ 300. ಡಾಲರಿಗೆ 83 ರೂಪಾಯಿ ಹಿಡಿದು, ಶೇ 18 ಜಿಎಸ್‌ಟಿ ಸೇರಿಸಿದರೆ 68,500 ದಾಟುತ್ತಿತ್ತು. ತಿಂಗಳಿಗೆ 6,000ದಂತೆ ಒಂದು ವರ್ಷ ಆರ್‌ಡಿ (ರಿಕರಿಂಗ್ ಡೆಪಾಸಿಟ್) ಕಟ್ಟಿದರೆ ಅಸಲೇ 72,000. ಓದಿಗೂ ಅಷ್ಟು ಕಾಲ ಬೇಕಿತ್ತು.

ಎರಡೂ ಫೀಸನ್ನು ಒಟ್ಟಿಗೆ ಕಟ್ಟಬೇಡಿ. ಕೋರ್ ಒಂದೇ ಪಾಸಾದರೂ ಸ್ಪೆಷಲಿಸ್ಟ್ ಸರ್ಟಿಫಿಕೇಟ್ ಬರುತ್ತದೆ, ಬಯೋಡೇಟಾಗೆ ಅಷ್ಟು ಸಾಕು. ಎರಡನೆಯದಕ್ಕೆ 3 ವರ್ಷ ಸಮಯವಿದೆ. ಫೇಲಾದರೆ ಐದು ದಿನ ಬಿಟ್ಟು ಮತ್ತೆ ಬರೆಯಬಹುದು, ಆದರೆ ಫೀಸು ಪೂರ್ತಿ. ವೈರ್‌ಲೆಸ್ ಪೇಪರಿಗೆ ಅದು ನನ್ನ ಲೆಕ್ಕದಲ್ಲಿ 29 ಸಾವಿರದ ಮೇಲಿತ್ತು.

ದುಡ್ಡು ನಿಜಕ್ಕೂ ಉಳಿದದ್ದು ಲ್ಯಾಬಿನಲ್ಲಿ: ಮನೆಯನ್ನೇ ಲ್ಯಾಬ್ ಮಾಡಿಕೊಂಡೆ. ನಮ್ಮದು ಕಲ್ಲುಗೋಡೆಯ ಹಳೇ ಮನೆ. ಫೋನಿನಲ್ಲಿ ಉಚಿತ ವೈಫೈ ಅನಲೈಸರ್ ಆಪ್ ಹಾಕಿಕೊಂಡು ಓಡಾಡಿದೆ. ನಡುಮನೆಯಲ್ಲಿ ರೂಟರ್ ಪಕ್ಕ ಸಿಗ್ನಲ್ ಮೈನಸ್ 45 ಡಿಬಿಎಂ. ಗೋಡೆ ದಾಟಿ ಅಡುಗೆಮನೆಯ ಮೂಲೆಗೆ ಹೋದರೆ ಮೈನಸ್ 75. ಪ್ರತಿ 10 ಡಿಬಿಗೆ ಶಕ್ತಿ ಹತ್ತರಲ್ಲೊಂದು ಪಾಲಿಗಿಳಿಯುತ್ತದೆ, ಅಂದರೆ ಅಡುಗೆಮನೆಗೆ ಸಿಕ್ಕಿದ್ದು ಸಾವಿರದಲ್ಲೊಂದು ಪಾಲು. ವೈಫೈ ಕರೆಗಳಿಗೆ ಡಿಸೈನ್ ಮಾಡುವವರು ಮೈನಸ್ 67ಕ್ಕಿಂತ ಕೆಳಗಿಳಿಯಲು ಬಿಡುವುದಿಲ್ಲ. ಒಲೆ ಮುಂದೆ ನಿಂತರೆ ಅಮ್ಮನ ವಾಟ್ಸಾಪ್ ಕರೆ ಏಕೆ ಕಡಿಯುತ್ತದೆ ಎಂಬುದು ಅಂದು ಗೊತ್ತಾಯಿತು. ಪಕ್ಕದ ಮನೆಯ ರೂಟರ್ ಚಾನೆಲ್ 4ರಲ್ಲಿ ಕೂತು ನಮ್ಮ 1ನ್ನೂ, ಎದುರು ಮನೆಯ 6ನ್ನೂ ಕೆಡಿಸುತ್ತಿತ್ತು. ಇದನ್ನೇ ಕೋಚಿಂಗಿನವರು ಸಾವಿರಾರು ರೂಪಾಯಿ ತೆಗೆದುಕೊಂಡು ಹೇಳಿಕೊಡುತ್ತಾರೆ. ಪ್ಯಾಕೆಟ್ ನೋಡಲು ವೈರ್‌ಶಾರ್ಕ್ ಪುಕ್ಕಟೆ. ಕಂಟ್ರೋಲರ್ ಪಾಠಕ್ಕೆ ಮಾತ್ರ ಗಂಟೆ ಲೆಕ್ಕದಲ್ಲಿ ಲ್ಯಾಬ್ ಬಾಡಿಗೆಗೆ ಹಿಡಿದೆ.

ಪರೀಕ್ಷೆಯನ್ನು ಮನೆಯಲ್ಲೇ ಕೂತು ಆನ್‌ಲೈನಿನಲ್ಲಿ ಬರೆಯಬಹುದು. ಕರೆಂಟು ನಂಬಿ ಅಷ್ಟು ಫೀಸು ಪಣಕ್ಕಿಡುವ ಧೈರ್ಯ ನನಗಿಲ್ಲ. ಹೆದ್ದಾರಿ 75ರ ಬಸ್ಸು ಹತ್ತಿ ಬೆಂಗಳೂರಿನ ಸೆಂಟರಿಗೇ ಹೋದೆ. ಬಸ್ ಚಾರ್ಜು, ಹೊರಡುವ ಮುಂಚೆ ತಿಂದ ತುಪ್ಪದ ದೋಸೆ, ಎರಡೂ ಸೇರಿ ಲೆಕ್ಕಕ್ಕೇ ಬಾರದು.

ಕಂಪನಿ ಫೀಸು ವಾಪಸು ಕೊಡುತ್ತದೆ ಅಂದರೆ, ಬುಕ್ ಮಾಡುವ ಮುಂಚೆಯೇ ಮೇಲ್‌ನಲ್ಲಿ ಒಪ್ಪಿಗೆ ಪಡೆಯಿರಿ, ಷರತ್ತು ಓದಿ. ಪಾಸಾದರೆ ಮಾತ್ರ, ವರ್ಷದೊಳಗೆ ಕೆಲಸ ಬಿಟ್ಟರೆ ಹಣ ಹಿಂದಿರುಗಿಸಬೇಕು ಎಂಬ ಎರಡು ಸಾಲು ಸಾಮಾನ್ಯವಾಗಿ ಇರುತ್ತವೆ. ನನಗೆ ಬಂದ ದುಡ್ಡು ಹೊಸ ಆರ್‌ಡಿಗೆ ಹೋಗಿದೆ: ಸರ್ಟಿಫಿಕೇಟಿನ ಆಯುಸ್ಸು ಮೂರೇ ವರ್ಷ, ಅಷ್ಟರಲ್ಲಿ 80 ಕ್ರೆಡಿಟ್ ಕೂಡಿಸಬೇಕು, ಇಲ್ಲವೇ ಮತ್ತೆ ಪರೀಕ್ಷೆ ಬರೆಯಬೇಕು.