ಜಿನ್ನಿನ ಧೂಳು ಹೀರುವ ಕೊಳವೆ: ಅದು ಎಳೆಯುತ್ತದೆಯೋ ಇಲ್ಲವೋ ಅಳೆದು ನೋಡುವ ಬಗೆ

ದೀಪಾವಳಿ ಕಳೆದು ಆದವಾನಿಯ ಪೇಟೆಗೆ ಹತ್ತಿ ಬರಲಾರಂಭಿಸಿತೆಂದರೆ ನಮ್ಮ ಹಳ್ಳಿಗಳಿಂದ ಎರಡು ಬಗೆಯ ಜನ ಹೊರಡುತ್ತಾರೆ. ಬೆಳೆದವರು ಮಾಲು ಮಾರಲು ಹೋಗುತ್ತಾರೆ. ಹೊಲವಿಲ್ಲದವರೂ, ಹೊಲವಿದ್ದೂ ಮಳೆ ಕೈಕೊಟ್ಟವರೂ ಜಿನ್ನಿಗೆ ಕೂಲಿಗೆ ಹೋಗುತ್ತಾರೆ. ಸುಗ್ಗಿ ಮುಗಿದು ಅವರು ಮರಳಿದಾಗ ತರುವ ಕೆಮ್ಮು ನಮಗೆಲ್ಲ ಪರಿಚಿತವಾದದ್ದೇ. "ಸೋಮವಾರ ಎದಿ ಬಿಗಿತೈತೆ ಮೇಷ್ಟ್ರೇ, ಬುಧವಾರಕ್ಕೆ ತಾನೇ ಸಡ್ಲಾಗತೈತೆ" ಎಂದು ನಮ್ಮ ಓಣಿಯ ಹಿರಿಯರೊಬ್ಬರು ಹೇಳಿದಾಗ ನಾವು ಮೊದಲು ಅದನ್ನು ರಜೆಯ ಮರುದಿನದ ಆಲಸ್ಯವೆಂದೇ ಎಣಿಸಿದ್ದೆವು. ನಮ್ಮ ಎಣಿಕೆ ತಪ್ಪು. ವಾರದ ರಜೆ ಕಳೆದು ಕೆಲಸಕ್ಕೆ ಹೋದ ಮೊದಲ ದಿನ ಎದೆ ಬಿಗಿಯುವುದು ಹತ್ತಿಯ ಧೂಳಿನ ರೋಗದ ಮೊದಲ ಗುರುತು. ಅದಕ್ಕೆ ವೈದ್ಯರು ಬಿಸಿನೋಸಿಸ್ ಎಂದು ಹೆಸರಿಟ್ಟಿದ್ದಾರೆ. ಇಂಗ್ಲೆಂಡಿನ ಲ್ಯಾಂಕಷೈರಿನ ನೂಲಿನ ಗಿರಣಿಗಳಲ್ಲಿ ಷಿಲ್ಲಿಂಗ್ ಎಂಬ ವೈದ್ಯರು 1950ರ ದಶಕದಲ್ಲಿ ಈ ಸೋಮವಾರದ ಬಿಗಿತವನ್ನೇ ಆಧಾರವಾಗಿಟ್ಟುಕೊಂಡು ರೋಗದ ಮೆಟ್ಟಿಲುಗಳನ್ನು ಗುರುತಿಸಿದರು. ಮೊದಲು ಸೋಮವಾರ ಮಾತ್ರ, ಆಮೇಲೆ ವಾರದ ಇತರ ದಿನಗಳಲ್ಲಿಯೂ, ಕಡೆಗೆ ಕೆಲಸ ಬಿಟ್ಟರೂ ಹೋಗದ ಉಬ್ಬಸ.

ಇದಕ್ಕೆ ಮದ್ದಿಗಿಂತ ಮೊದಲು ಬೇಕಾದದ್ದು ಧೂಳು ಮೂಗಿಗೆ ಬಾರದಂತೆ ಮಾಡುವುದು. ಕೆಲವು ಜಿನ್ನುಗಳಲ್ಲಿ ಹತ್ತಿ ಕೊಡವುವ ಯಂತ್ರದ ಬಳಿ ಧೂಳು ಹೀರುವ ಕೊಳವೆ ಉಂಟು, ಕೆಲವು ಕಡೆ ತೆರೆದ ಬಾಗಿಲೇ ಏರ್ಪಾಡು. ಕೊಳವೆ ಇದ್ದ ಕಡೆಯಲ್ಲಿಯೂ ಅದು ಭೋರ್ಗರೆಯುತ್ತಿದೆ, ಆದಕಾರಣ ಕೆಲಸ ಮಾಡುತ್ತಿದೆ ಎಂದು ಎಲ್ಲರೂ ನಂಬಿರುತ್ತಾರೆ. ಸದ್ದು ಫ್ಯಾನಿನದು, ಎಳೆತ ಬೇರೆ. ಎಳೆತವನ್ನು ಅಳೆದೇ ತಿಳಿಯಬೇಕು. ಆ ಅಳತೆ ಏಳನೆಯ ತರಗತಿಯ ಲೆಕ್ಕ ಬಲ್ಲವನಿಗೂ ಸಾಧ್ಯವೆಂದು ತೋರಿಸುವುದೇ ಈ ಪಾಠದ ಉದ್ದೇಶ.

ಏರ್ಪಾಡಿನಲ್ಲಿ ನಾಲ್ಕು ಅಂಗಗಳಿವೆ. ಧೂಳೇಳುವ ಜಾಗದ ಬಳಿಯ ಬಾಯಿ, ಅಲ್ಲಿಂದ ಹೊರಟ ತಗಡಿನ ಕೊಳವೆ, ಧೂಳನ್ನು ಸೋಸುವ ಚೀಲ ಅಥವಾ ಸುಳಿಯುವ ಡಬ್ಬಿ, ಕೊನೆಗೆ ಫ್ಯಾನು. ಗೋಡೆಯ ಮೇಲೆ ಕೂಡಿಸಿದ ದೊಡ್ಡ ಫ್ಯಾನು ಇದಲ್ಲ. ಅದು ಕೋಣೆಯ ಗಾಳಿಯನ್ನು ಹೊರಕ್ಕೆ ನೂಕುತ್ತದೆ, ನಿಜ. ಆದರೆ ಯಂತ್ರದಿಂದ ಎದ್ದ ಧೂಳು ಕೆಲಸಗಾರನ ಮುಖವನ್ನು ಸವರಿಕೊಂಡೇ ಅದರತ್ತ ಹೋಗುತ್ತದೆ. 1948ರ ಕಾರ್ಖಾನೆ ಕಾಯಿದೆಯ 14ನೆಯ ಕಲಮು ಇದನ್ನರಿತೇ, ಹೀರುವ ಸಾಧನ ಬೇಕಾದ ಕಡೆ ಅದನ್ನು ಧೂಳು ಹುಟ್ಟುವ ಜಾಗಕ್ಕೆ ಸಾಧ್ಯವಾದಷ್ಟು ಸಮೀಪದಲ್ಲಿಡಬೇಕು, ಆ ಜಾಗವನ್ನು ಸಾಧ್ಯವಾದಷ್ಟು ಮುಚ್ಚಬೇಕು ಎಂದು ವಿಧಿಸಿತ್ತು. ಆ ಕಾಯಿದೆಯನ್ನು 2020ರ ಸಂಹಿತೆಯಲ್ಲಿ ವಿಲೀನಗೊಳಿಸಲಾಗಿದೆ. "ಸಮೀಪ" ಎಂಬ ಮಾತಿನ ಹಿಂದಿರುವ ಗಾಳಿಯ ಗುಣ ಮಾತ್ರ ಬದಲಾಗುವಂಥದಲ್ಲ.

ಆ ಗುಣವೇನು? ಅಂಗೈಯಲ್ಲಿ ಚಿಟಿಕೆ ಜೋಳದ ಹಿಟ್ಟನ್ನಿಟ್ಟುಕೊಂಡು ಕೈ ನೀಡಿ ದೂರದಿಂದ ಊದಿರಿ. ಹಿಟ್ಟು ಹಾರುತ್ತದೆ. ಈಗ ಅಷ್ಟೇ ದೂರದಿಂದ ಉಸಿರನ್ನು ಒಳಕ್ಕೆಳೆದು ನೋಡಿರಿ. ಒಂದು ಕಣವೂ ಅಲುಗದು. ಊದಿದ ಗಾಳಿ ಬಾಣದಂತೆ ಒಂದೇ ದಿಕ್ಕಿಗೆ ಹೋಗುತ್ತದೆ. ಎಳೆದ ಗಾಳಿ ಎಲ್ಲ ದಿಕ್ಕಿನಿಂದಲೂ ಬಾಯಿಗೆ ಬಂದು ಸೇರುತ್ತದೆ. ಊದುವ ಕೊಳವೆಯ ಬಾಯಿಂದ ಅದರ ಅಗಲದ 30 ಪಟ್ಟು ದೂರದಲ್ಲಿಯೂ ವೇಗದ ಹತ್ತನೆಯ ಒಂದು ಪಾಲು ಉಳಿದಿರುತ್ತದೆ. ಹೀರುವ ಕೊಳವೆಯಲ್ಲಾದರೋ ಅಗಲದಷ್ಟೇ ದೂರ ಹೋಗುವುದರೊಳಗೆ ವೇಗ ಹತ್ತನೆಯ ಒಂದು ಪಾಲಿಗಿಂತಲೂ ಕೆಳಗಿಳಿಯುತ್ತದೆ. ತರಗತಿಯಲ್ಲಿ ನಾವು ಈ ಹಿಟ್ಟಿನ ಪಾಠ ಮಾಡಿದ ದಿನ ಹುಡುಗರ ಅಂಗಿಗಳೆಲ್ಲ ಬಿಳಿಯಾಗಿ, ಮನೆಯವರಿಂದ ನಮಗೆ ಮಾತು ಬಂದದ್ದುಂಟು.

ಇದನ್ನು ಲೆಕ್ಕಕ್ಕೆ ತರೋಣ. 20 ಸೆಂಟಿಮೀಟರು ಅಗಲದ ಕೊಳವೆಯ ಬಾಯಿಯ ಕ್ಷೇತ್ರ 0.0314 ಚದರ ಮೀಟರು. ಅದರೊಳಗೆ ಗಾಳಿ ಸೆಕೆಂಡಿಗೆ 15 ಮೀಟರು ಓಡಿದರೆ, ಕ್ಷೇತ್ರವನ್ನು ವೇಗದಿಂದ ಗುಣಿಸಿ, ಸೆಕೆಂಡಿಗೆ 0.47 ಘನ ಮೀಟರು ಗಾಳಿ ಎಂದಾಯಿತು. ಬಾಯಿಂದ ಇಷ್ಟು ಮೀಟರು ದೂರದಲ್ಲಿ ವೇಗವೆಷ್ಟು ಎಂದು ತಿಳಿಯಲು ಆ ದೂರದ ವರ್ಗವನ್ನು 10ರಿಂದ ಗುಣಿಸಿ, ಬಾಯಿಯ ಕ್ಷೇತ್ರವನ್ನು ಕೂಡಿಸಿ, ಬಂದದ್ದರಿಂದ 0.47ನ್ನು ಭಾಗಿಸಬೇಕು. 20 ಸೆಂಟಿಮೀಟರಿನಲ್ಲಿ ಸುಮಾರು 1.09 ಮೀಟರು ಬರುತ್ತದೆ. 40ರಲ್ಲಿ 0.29. 60ರಲ್ಲಿ 0.13. ಸಾಗುವ ಪಟ್ಟಿಯ ಮೇಲೆ ಮಾಲು ಬೀಳುವಂಥ, ಧೂಳು ರಭಸದಿಂದ ಏಳುವ ಜಾಗದಲ್ಲಿ ಅದನ್ನು ಹಿಡಿದೆಳೆಯಲು ಸೆಕೆಂಡಿಗೆ 1ರಿಂದ 2.5 ಮೀಟರು ವೇಗ ಬೇಕು. ಆದಕಾರಣ ನಮ್ಮ ಕೊಳವೆ ಒಂದು ಗೇಣಿನಷ್ಟು ಸಮೀಪವಿದ್ದರೆ ಹೇಗೋ ಸಾಕು. ಒಂದು ಮೊಳ ದೂರವಾದರೆ ಧೂಳಿಗೆ ಅದರ ಗೊಡವೆಯೇ ಇರುವುದಿಲ್ಲ. ಶುಚಿ ಮಾಡಲು ಅಡ್ಡವೆಂದು ಬಾಯಿಯನ್ನು ಮೇಲಕ್ಕೆ ಸರಿಸಿ ಕಟ್ಟುವ ಅಭ್ಯಾಸ ಎಷ್ಟೋ ಕಡೆ ಕಾಣುತ್ತದೆ. ಫ್ಯಾನಿಗೆ ಕರೆಂಟು ಖರ್ಚಾಗುತ್ತದೆ, ಅಷ್ಟೇ.

ಇನ್ನು ಪರೀಕ್ಷೆಗೆ ಬರೋಣ. ಯಜಮಾನರ ಅಪ್ಪಣೆಯಿಲ್ಲದೆ ಯಂತ್ರದ ಹತ್ತಿರ ಹೋಗಕೂಡದು. ಸೆರಗು, ಟವೆಲು, ಸಡಿಲ ತೋಳು ಯಾವುದೂ ಪಟ್ಟೆಯ ಬಳಿ ಸುಳಿಯಕೂಡದು. ಗಾಳಿಯ ದಾರಿ ನೋಡಲು ಬೇರೆ ಕಾರ್ಖಾನೆಗಳಲ್ಲಿ ಹೊಗೆ ಬಿಡುವ ರೂಢಿಯುಂಟು. ಊದಿನಕಡ್ಡಿ ಸಾಕಲ್ಲವೇ ಎಂದು ಯಾರಿಗಾದರೂ ತೋರಬಹುದು. ಹತ್ತಿ ಇರುವ ಕಡೆ ಊದಿನಕಡ್ಡಿಯಾಗಲಿ ಬೀಡಿಯಾಗಲಿ ಒಯ್ಯಲೇಬೇಡಿರಿ. ಅರಳೆಗೆ ಒಂದು ಕಿಡಿ ಸಾಕು. ಗೇಣುದ್ದದ ನೂಲಿನ ಎಳೆಯನ್ನು ಉದ್ದ ಕೋಲಿನ ತುದಿಗೆ ಕಟ್ಟಿ ಧೂಳೇಳುವ ಜಾಗದಲ್ಲಿ ಹಿಡಿದರೆ ನಮ್ಮ ಕೆಲಸವಾಗುತ್ತದೆ. ಎಳೆ ಕೊಳವೆಯತ್ತ ನೆಟ್ಟಗೆ ಚಾಚಿ ನಿಂತರೆ ಒಳ್ಳೆಯದು. ಅತ್ತಿತ್ತ ಆಡಿದರೆ ಬಾಗಿಲ ಗಾಳಿ ಎಳೆತವನ್ನು ಸೋಲಿಸುತ್ತಿದೆ ಎಂದು ತಿಳಿಯತಕ್ಕದ್ದು.

ಎರಡನೆಯದು ಬಿಸಿಲುಕೋಲು. ತಗಡಿನ ಸೂರಿನ ತೂತಿನಿಂದ ಇಳಿದ ಬಿಸಿಲಿನಲ್ಲಿ ಧೂಳು ಕುಣಿಯುವುದನ್ನು ಎಲ್ಲರೂ ಕಂಡಿದ್ದೇವೆ. ಎದೆಗೂಡಿನ ಆಳಕ್ಕಿಳಿಯುವ ಸಣ್ಣ ಧೂಳು ಮಾಮೂಲು ಬೆಳಕಿನಲ್ಲಿ ಕಣ್ಣಿಗೆ ಕಾಣದು. ಬಿಸಿಲುಕೋಲಿನ ಹಿಂದೆ ಕತ್ತಲೆಯಿದ್ದು, ನಾವು ಬೆಳಕು ಬರುವ ಕಡೆಗೆ ಓರೆಯಾಗಿ ಮುಖ ಮಾಡಿ, ನೇರ ಬೆಳಕು ಕಣ್ಣಿಗೆ ಬೀಳದಂತೆ ಒಂದು ರಟ್ಟನ್ನು ಅಡ್ಡ ಹಿಡಿದರೆ ಅದೂ ಕಾಣುತ್ತದೆ. ಯಂತ್ರದಿಂದ ಎದ್ದ ಮೋಡ ಕೊಳವೆಗೆ ಹೋಗುತ್ತದೆಯೋ, ಅಥವಾ ಅರ್ಧ ಹೋಗಿ ಅರ್ಧ ಕೆಲಸಗಾರನ ಗಲ್ಲದ ಕೆಳಗೆ ಸುಳಿಯುತ್ತದೆಯೋ ಎಂಬುದು ಪ್ರತ್ಯಕ್ಷವಾಗುತ್ತದೆ. ಬಿಸಿಲಿಲ್ಲದ ಕಡೆ ಪ್ರಖರವಾದ ಬ್ಯಾಟರಿ ಆದೀತು.

ಕಣ್ಣಿನ ಪರೀಕ್ಷೆಗೆ ಅಂಕಿ ಇಲ್ಲ. ಅಂಕಿಯಿಲ್ಲದೆ ಹೋದ ವರ್ಷಕ್ಕೂ ಈ ವರ್ಷಕ್ಕೂ ಹೋಲಿಕೆಯಿಲ್ಲ. ಅದಕ್ಕಾಗಿ ನೀರಿನ ಮಾಪಕ. ಒಂದು ಮೀಟರು ಪಾರದರ್ಶಕ ಪ್ಲಾಸ್ಟಿಕ್ ನಳಿಗೆಯನ್ನು ಹಲಗೆಯ ಮೇಲೆ ಲಾಳದಾಕಾರವಾಗಿ ಬಗ್ಗಿಸಿ ಕಟ್ಟಿ, ಅರ್ಧದವರೆಗೆ ಬಣ್ಣದ ನೀರು ಹಾಕಿ, ನಡುವೆ ಶಾಲೆಯ ಅಳತೆಪಟ್ಟಿಯೊಂದನ್ನು ನಿಲ್ಲಿಸಿದರೆ ಮಾಪಕ ಸಿದ್ಧ. ನೀರಿನಲ್ಲಿ ಗುಳ್ಳೆ ಇರಬಾರದು. ಬಾಯಿಂದ ಕೊಳವೆಯ ಅಗಲದ ಮೂರು ಪಟ್ಟು ದೂರದಲ್ಲಿ, ನೇರವಾದ ಭಾಗದಲ್ಲಿ, ಗಿರಣಿಯ ಮೆಕ್ಯಾನಿಕ್ಕರಿಂದ ಯಂತ್ರ ನಿಂತಿರುವಾಗ 3 ಮಿಲಿಮೀಟರಿನ ತೂತು ಕೊರೆಯಿಸಿ, ಒಳಗಿನ ತಗಡಿನ ಮುಳ್ಳನ್ನು ಉಜ್ಜಿಸಬೇಕು. ಫ್ಯಾನು ಓಡುವಾಗ ಒಂದು ತುದಿಯನ್ನು ಆ ತೂತಿಗೆ ಒತ್ತಿ ಹಿಡಿದರೆ ಒಂದು ಕಡೆಯ ನೀರು ಮೇಲೇರುತ್ತದೆ, ಇನ್ನೊಂದು ಕಡೆ ಇಳಿಯುತ್ತದೆ. ಒಂದು ಕಡೆ 18 ಏರಿ ಇನ್ನೊಂದು ಕಡೆ 18 ಇಳಿದರೆ ಎಳೆತ 36 ಮಿಲಿಮೀಟರು. ಏರಿದ್ದನ್ನು ಮಾತ್ರ ಬರೆದು ಅರ್ಧ ಉತ್ತರ ತರುವುದು ಹುಡುಗರು ಮಾಡುವ ತಪ್ಪು. ಮೊದಲ ಸಲ ನಾವೂ ಮಾಡಿದೆವು.

ಗಾಳಿಯ ಪ್ರಮಾಣ ಈ ಅಂಕಿಯ ವರ್ಗಮೂಲದ ಜತೆಗೆ ಏರಿಳಿಯುತ್ತದೆ. 36 ಇದ್ದದ್ದು 9ಕ್ಕೆ ಇಳಿದರೆ ಗಾಳಿ ಕಾಲು ಭಾಗವಾಯಿತೆಂದಲ್ಲ, ಅರ್ಧವಾಯಿತು. ಇಲ್ಲೊಂದು ಎಚ್ಚರಿಕೆಯುಂಟು. ತೂತಿನಿಂದ ಫ್ಯಾನಿನವರೆಗಿನ ದಾರಿಯಲ್ಲಿ ಎಲ್ಲಿಯಾದರೂ ಅರಳೆ ಕಟ್ಟಿಕೊಂಡರೆ, ಚೀಲ ತುಂಬಿದರೆ, ಪಟ್ಟೆ ಜಾರಿದರೆ ಅಂಕಿ ಇಳಿಯುತ್ತದೆ. ಆದರೆ ಬಾಯಿಯೇ ಅರಳೆಯಿಂದ ಮುಚ್ಚಿದರೆ ಅಂಕಿ ಏರುತ್ತದೆ, ಗಾಳಿ ಮಾತ್ರ ಕಡಮೆಯಾಗುತ್ತದೆ. ಪಾನಕದ ನಳಿಗೆಯ ತುದಿಗೆ ಬೆರಳಿಟ್ಟು ಹೀರಿದರೆ ಕೆನ್ನೆ ಒಳಕ್ಕೆ ಹೋಗುವುದಿಲ್ಲವೇ, ಹಾಗೆ. ಆದಕಾರಣ ಅಂಕಿ ಇಳಿದರೂ ಏರಿದರೂ ಕಾರಣ ಹುಡುಕಬೇಕು. ಹೆಚ್ಚಾಯಿತೆಂದು ಸಂತೋಷಪಡುವುದಲ್ಲ.

ವೇಗವನ್ನೇ ನೇರವಾಗಿ ತಿಳಿಯಬೇಕಾದರೆ ಪಿಟೋ ನಳಿಗೆ ಬೇಕು. ಫ್ರಾನ್ಸಿನ ಹೆನ್ರಿ ಪಿಟೋ ಎಂಬವರು 1732ರಲ್ಲಿ ಸೇನ್ ನದಿಯ ಹರಿವನ್ನು ಅಳೆಯಲು ಹೂಡಿದ ಉಪಾಯವೇ ಇದಕ್ಕೆ ಮೂಲ. ಒಂದರೊಳಗೊಂದು ಎರಡು ನಳಿಗೆಗಳು. ಒಳಗಿನದರ ಬಾಯಿ ಗಾಳಿಗೆ ಎದುರಾಗಿದೆ, ಹೊರಗಿನದಕ್ಕೆ ಪಕ್ಕದಲ್ಲಿ ತೂತುಗಳಿವೆ. ಎರಡನ್ನೂ ಮಾಪಕದ ಎರಡು ತುದಿಗಳಿಗೆ ಜೋಡಿಸಿದರೆ ಗಾಳಿಯ ಓಟದ ಒತ್ತಡ ಮಾತ್ರ ತೋರುತ್ತದೆ. ಅದರ ಮಿಲಿಮೀಟರಿನ ವರ್ಗಮೂಲವನ್ನು 4ರಿಂದ ಗುಣಿಸಿದರೆ ವೇಗ. 4 ಮಿಲಿಮೀಟರಿಗೆ ಸೆಕೆಂಡಿಗೆ 8 ಮೀಟರು, 9ಕ್ಕೆ 12, 16ಕ್ಕೆ 16. ಹತ್ತಿಯ ಸಣ್ಣ ಎಳೆ, ನಯವಾದ ಧೂಳು ಕೊಳವೆಯೊಳಗೆ ತಂಗದೆ ಸಾಗಬೇಕಾದರೆ 13ರಿಂದ 15 ಮೀಟರಾದರೂ ಬೇಕು. ಅದಕ್ಕಿಂತ ನಿಧಾನವಾದರೆ ತಿರುವುಗಳಲ್ಲಿ ಕಸ ಕೂಡುತ್ತದೆ, ಕೂಡಿದ ಕಸ ಬೆಂಕಿಗೆ ಮೇವಾಗುತ್ತದೆ.

ನಟ್ಟನಡುವೆ ಒಂದೇ ಕಡೆ ಅಳೆದು ಬಿಡಬಾರದು. ಹೊಳೆಯ ನೀರಿನಂತೆ ಗಾಳಿಯೂ ನಡುವೆ ಬಿರುಸು, ದಡದಲ್ಲಿ ಮೆಲ್ಲಗೆ. ತಿರುವಿನಿಂದ ಅಗಲದ ಏಳೂವರೆ ಪಟ್ಟು ಮುಂದೆ, ಒಂದಕ್ಕೊಂದು ಅಡ್ಡವಾದ ಎರಡು ಗೆರೆಗಳ ಮೇಲೆ ಹತ್ತು ಹತ್ತು ಕಡೆ ಅಳೆಯುವುದು ಕ್ರಮ. ನಮ್ಮ 20 ಸೆಂಟಿಮೀಟರಿನ ಕೊಳವೆಯಲ್ಲಿ ಗೋಡೆಯಿಂದ 5, 16, 29, 45, 68 ಮಿಲಿಮೀಟರು, ಎದುರು ಗೋಡೆಯಿಂದಲೂ ಅಷ್ಟಷ್ಟೇ. ಸರಾಸರಿಯನ್ನು ವೇಗಗಳಿಗೆ ತೆಗೆಯಬೇಕು, ನೀರಿನ ಎತ್ತರಗಳಿಗಲ್ಲ. ಒಂದು ಕಡೆ 4, ಇನ್ನೊಂದು ಕಡೆ 16 ಬಂದರೆ ವೇಗ 8 ಮತ್ತು 16, ಸರಾಸರಿ 12. ಎತ್ತರಗಳ ಸರಾಸರಿ 10 ಎಂದು ಹಿಡಿದರೆ 12.6 ಬಂದು ಇಲ್ಲದ ಗಾಳಿ ಲೆಕ್ಕದಲ್ಲಿ ಸೇರುತ್ತದೆ.

ಮೇಲೆ 36 ಮತ್ತು 9 ಎಂದು ಬರೆದದ್ದು ಸುಮ್ಮನಲ್ಲ. ಒಂದು ಜಿನ್ನಿನಲ್ಲಿ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಕೆಲಸಕ್ಕಿದ್ದನು. ಕೊಳವೆ ಚೆನ್ನಾಗಿಯೇ ಓಡುತ್ತದೆ, ಧೂಳು ಮಾತ್ರ ಹೋಗದು ಎಂದು ಅವನು ಹೇಳಿದ ಮೇಲೆ ಯಜಮಾನರನ್ನು ಕೇಳಿಕೊಂಡು ನಮ್ಮ ಹಲಗೆಯೊಡನೆ ಹೋದೆವು. ನೀರು 9 ತೋರಿಸಿತು. ಆಫೀಸಿನ ಬೀರುವಿನಲ್ಲಿದ್ದ ಜೋಡಣೆಯ ದಿನದ ಕಾಗದದಲ್ಲಿ ಅದೇ ಜಾಗಕ್ಕೆ 36 ಎಂದಿತ್ತು. ಬಾಯಿ ಶುದ್ಧ, ಚೀಲ ಹೊಸದು, ಪಟ್ಟೆ ಬಿಗಿ. ಕಡೆಗೆ ಹುಡುಗನೇ ಫ್ಯಾನಿನ ಕವಚದ ಮೇಲಿನ ಬಾಣದ ಗುರುತಿನ ಧೂಳು ಒರೆಸಿ, "ಉಲ್ಟಾ ತಿರುಗಾಕ ಹತ್ತೈತಲ್ಲ ಸಾರ್" ಎಂದನು. ಹಿಂದಿನ ಬೇಸಗೆಯಲ್ಲಿ ಮೋಟಾರಿಗೆ ಹೊಸ ತಂತಿ ಸುತ್ತಿಸಿ ತಂದಾಗ ಮೂರು ತಂತಿಗಳಲ್ಲಿ ಎರಡು ಅದಲುಬದಲಾಗಿದ್ದವು. ನೀರೆತ್ತುವ ಪಂಪಿನಲ್ಲಿ ಈ ತಪ್ಪನ್ನು ನಮ್ಮ ರೈತರೂ ಕಂಡಿದ್ದಾರೆ. ಇಂಥ ಫ್ಯಾನು ಉಲ್ಟಾ ತಿರುಗಿದರೂ ಗಾಳಿಯನ್ನು ಅದೇ ದಿಕ್ಕಿಗೇ ನೂಕುತ್ತದೆ, ಬಹಳ ಕಡಮೆ ನೂಕುತ್ತದೆ, ಅಷ್ಟೇ. ಸದ್ದು ಇರುತ್ತದೆ, ಹೊರಗಿನ ತುದಿಯಲ್ಲಿ ಧೂಳೂ ಬೀಳುತ್ತದೆ. ಹೀಗಾಗಿ ಒಂದು ಇಡೀ ಸುಗ್ಗಿ ಯಾರಿಗೂ ಸಂಶಯ ಬರಲಿಲ್ಲ. ತಂತಿ ಬದಲಿಸಲು ಹತ್ತು ನಿಮಿಷ ಹಿಡಿಯಿತು. ಆ ಸುಗ್ಗಿಯ ಸೋಮವಾರಗಳ ಲೆಕ್ಕವನ್ನು ಯಾರೂ ಇಟ್ಟಿರಲಿಲ್ಲ.

ಇಷ್ಟಾದರೂ ನಾವು ಅಳೆದದ್ದು ಗಾಳಿಯನ್ನು, ಉಸಿರಿಗೆ ಸೇರುವ ಧೂಳನ್ನಲ್ಲ. ಅದನ್ನು ತೂಗಲು ಸಣ್ಣ ಪಂಪು, ಸೋಸುಕಾಗದ, ಮಿಲಿಗ್ರಾಮಿನ ತಕ್ಕಡಿ ಬೇಕು. ಅದು ಪರಿಣತರ ಕೆಲಸ. ಅಮೆರಿಕದಲ್ಲಿ 1978ರಲ್ಲಿ ನೂಲಿನ ಗಿರಣಿಗಳಿಗೆ ಘನ ಮೀಟರು ಗಾಳಿಯಲ್ಲಿ 0.2 ಮಿಲಿಗ್ರಾಮು ಹತ್ತಿಧೂಳು ಮೀರಬಾರದೆಂದು ಗೊತ್ತುಮಾಡಿದರು. ಎಳೆತ ಸರಿಯಿದ್ದೂ ಸೋಮವಾರದ ಬಿಗಿತ ನಿಲ್ಲದಿದ್ದರೆ ಎದೆಯ ಪರೀಕ್ಷೆ ಮಾಡಿಸಿಕೊಳ್ಳಬೇಕು. ಎಲ್ಲಿ ಏನು ಕೆಲಸ ಮಾಡುತ್ತೇವೆಂಬುದನ್ನು ಡಾಕ್ಟರಿಗೆ ಮರೆಯದೆ ಹೇಳಬೇಕು, ಕೆಲಸದ ಮೊದಲ ದಿನದ ಬಿಗಿತವನ್ನಂತೂ ಬಿಡದೆ ಹೇಳಬೇಕು.

ಜಿನ್ನಿಗೆ ಹೋಗುವ ಹುಡುಗರು ಒಂದು ಕಾಪಿ ಪುಸ್ತಕವಿಟ್ಟುಕೊಳ್ಳಲಿ. ಯಂತ್ರದ ಮೇಲಿನ ಬರಹ ತೆಲುಗಿನಲ್ಲಿಯೋ ಇಂಗ್ಲಿಷಿನಲ್ಲಿಯೋ ಇದ್ದೀತು. ಇದನ್ನು ನಮ್ಮ ಕನ್ನಡದಲ್ಲಿಯೇ ಬರೆಯಬಹುದು. ತಾರೀಖು, ನೀರಿನ ಅಂಕಿ, ನೂಲಿನ ಎಳೆ ನಿಂತ ಬಗೆ, ಫ್ಯಾನು ತಿರುಗಿದ ದಿಕ್ಕು, ಚೀಲ ಕೊಡವಿದ ದಿನ, ಇಷ್ಟು ಸಾಕು. ಸುಗ್ಗಿಯ ಮೊದಲ ದಿನವೂ ಮೋಟಾರನ್ನು ಬಿಚ್ಚಿ ಕೂಡಿಸಿದ ದಿನವೂ ತಪ್ಪದೆ ಅಳೆಯಬೇಕು, ಉಳಿದಂತೆ ತಿಂಗಳಿಗೊಮ್ಮೆ. ಅಳೆದಾದ ಮೇಲೆ ತಗಡಿನ ತೂತಿಗೆ ರಬ್ಬರಿನ ಬಿರಡೆ ಹಾಕಿ, ಪಕ್ಕದಲ್ಲಿ ಬಣ್ಣದಿಂದ ಒಂದು ವೃತ್ತ ಬರೆದಿಡತಕ್ಕದ್ದು. ಮುಂದಿನ ಸಲವೂ ಅದೇ ತೂತಿನಿಂದಲೇ ಅಳೆದರೆ ಮಾತ್ರ ಎರಡು ಅಂಕಿಗಳನ್ನು ಹೋಲಿಸಲು ಬರುತ್ತದೆ.