ಮನಸ್ಸು ಹಗುರಾದರೆ ಕೆಚ್ಚಲೂ ಹಗುರ



ಆಕಳು ಹಾಲು ಕಡಿಮೆ ಮಾಡಿದರೆ ನಾವು ಮೊದಲು ಮೇವು, ನೀರು, ಜಂತುಬಾಧೆ, ಕೆಚ್ಚಲು ಬಾವುಗಳನ್ನು ನೋಡುತ್ತೇವೆ. ಅದು ಸರಿಯಾದ ಕ್ರಮವೇ. ಆದರೆ ಇವೆಲ್ಲ ಸರಿಯಿದ್ದೂ ಹಾಲು ಇಳಿಯದಿದ್ದರೆ, ಹಿಂಡುವವರ ಮನಸ್ಸಿನ ಕಡೆಗೂ ಒಮ್ಮೆ ನೋಡಬೇಕು.

2022ರಲ್ಲಿ ಚರ್ಮಗಂಟು ರೋಗ ಹರಡಿದಾಗ ನಮ್ಮ ಸದಸ್ಯೆಯೊಬ್ಬರು ಇದ್ದ ಎರಡು ಆಕಳುಗಳಲ್ಲಿ ಒಂದನ್ನು ಕಳೆದುಕೊಂಡರು. ಸಾಲದ ಕಂತು ಮಾತ್ರ ಹಾಗೇ ಉಳಿಯಿತು. ಕೆಲವು ತಿಂಗಳ ನಂತರ ಅವರು ಕರೆ ಕಳಿಸಿದರು: “ಡಾಕ್ಟರ್ ಸಾಹೇಬ್ರ, ಉಳಿದ ಆಕಳೂ ಹಾಲು ಇಳಸವಲ್ದು.” ಪರೀಕ್ಷಿಸಿದೆ. ಜ್ವರವಿಲ್ಲ, ಕೆಚ್ಚಲು ಬಾವು ಇಲ್ಲ. ಖನಿಜ ಮಿಶ್ರಣ ಬರೆದುಕೊಟ್ಟು ಬಂದೆ. ಫಲ ಕಾಣಲಿಲ್ಲ. ಕೇಳಬೇಕಾದ ಪ್ರಶ್ನೆಯನ್ನೇ ನಾನು ಕೇಳಿರಲಿಲ್ಲ.

ಎರಡನೆಯ ಸಲ ನನ್ನೆದುರೇ ಹಿಂಡಲು ಹೇಳಿದೆ. ಕೈ ಗಡಿಬಿಡಿಯಲ್ಲಿತ್ತು. ಆಕಳು ಬಾಲ ಬೀಸಿದ್ದಕ್ಕೆ ಗದರಿದರು. ಅದು ಬೆದರಿ ಸರಿದು ನಿಂತಿತು. “ಅಕ್ಕಾರ, ರಾತ್ರಿ ನಿದ್ದಿ ಬರ್ತದೇನ್ರಿ?” ಎಂದೆ. ಅವರ ಕಣ್ಣು ತುಂಬಿದವು. ಮೂಲೆಯಲ್ಲಿ ಅರ್ಧ ಹೊಲಿದ ಕೌದಿಯೊಂದು ಗಂಟು ಕಟ್ಟಿ ಬಿದ್ದಿತ್ತು. ಆಕಳು ಸತ್ತ ದಿನದಿಂದ ಅದನ್ನು ಮುಟ್ಟಿರಲಿಲ್ಲವಂತೆ.

ಹಾಲು ಇಳಿಯುವುದು ಹೇಗೆ?

ಕೆಚ್ಚಲು ತೊಳೆದು ಮೊಲೆ ಸವರಿದಾಗ ಆಕಳ ಮೆದುಳಿನಿಂದ ಆಕ್ಸಿಟೋಸಿನ್ ಎಂಬ ಹಾರ್ಮೋನು ಹೊರಟು, ಸುಮಾರು ಒಂದು ನಿಮಿಷದಲ್ಲಿ ಹಾಲು ಇಳಿಯತೊಡಗುತ್ತದೆ. ಇದರ ಪ್ರಭಾವ ಐದರಿಂದ ಏಳು ನಿಮಿಷ ಮಾತ್ರ. ಆಕಳು ಹೆದರಿದರೆ ಅಡ್ರಿನಲಿನ್ ಹೊರಟು ಇದನ್ನು ತಡೆಯುತ್ತದೆ. ಹಾಲು ಕೆಚ್ಚಲಲ್ಲೇ ಉಳಿಯುತ್ತದೆ. ಕೊನೆಯಲ್ಲಿ ಬರುವ ಹಾಲಿನಲ್ಲೇ ಕೊಬ್ಬಿನಂಶ ಹೆಚ್ಚು. ಅದು ಉಳಿದರೆ ಡೇರಿಯಲ್ಲಿ ಫ್ಯಾಟ್ ಕಡಿಮೆ ಬಂದು ದರವೂ ಇಳಿಯುತ್ತದೆ. ಇದಕ್ಕೆ ಆಕ್ಸಿಟೋಸಿನ್ ಚುಚ್ಚುಮದ್ದು ಹಾಕುವುದು ಖಂಡಿತ ಪರಿಹಾರವಲ್ಲ.

ಹಿಂಡುವವರ ಚಿಂತೆ ಹೀಗೆ ಕೈಯಿಂದ, ದನಿಯಿಂದ ಆಕಳಿಗೆ ದಾಟುತ್ತದೆ. ಚಿಂತೆಯಲ್ಲಿ ನಮ್ಮ ದೇಹದಲ್ಲಿಯೂ ಕಾರ್ಟಿಸೋಲ್ ಎಂಬ ಹಾರ್ಮೋನು ಏರುತ್ತದೆ. ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದವರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 39 ಮಂದಿ 45 ನಿಮಿಷ ಚಿತ್ರ ಬರೆಯುವುದು, ಮಣ್ಣಿನಲ್ಲಿ ಏನಾದರೂ ಮಾಡುವುದು ಮುಂತಾದ ಕೆಲಸದಲ್ಲಿ ತೊಡಗಿದರು. ಸುಮಾರು ಮುಕ್ಕಾಲು ಪಾಲು ಜನರಲ್ಲಿ ಕಾರ್ಟಿಸೋಲ್ ಇಳಿದಿತ್ತು. ಮೊದಲಿನ ಅನುಭವ ಇದ್ದವರು, ಇಲ್ಲದವರು ಎಂಬ ಭೇದ ಕಾಣಲಿಲ್ಲ.

ಮನೆಯಲ್ಲೇ ಮಾಡಬಹುದಾದದ್ದು

1. ದಿನಕ್ಕೆ ಅರ್ಧ ಗಂಟೆ ಕೌದಿ ಹೊಲಿಯಿರಿ. ಯಾವ ಬಣ್ಣದ ತುಂಡಿನ ಪಕ್ಕ ಯಾವುದು ಎಂದು ಯೋಚಿಸುವಾಗ ಚಿಂತೆಗೆ ಅಷ್ಟು ಹೊತ್ತು ಬಿಡುವು.

2. ವಾರಕ್ಕೊಮ್ಮೆಯಾದರೂ ರೂಢಿಯ ರಂಗೋಲಿ ಬಿಟ್ಟು ನಿಮ್ಮದೇ ಹೊಸದೊಂದು ಹಾಕಿ.

3. ಗಂಡಸರು ಹಗ್ಗ ಹೊಸೆಯಿರಿ, ಆಕಳ ಕೊರಳಿಗೆ ಬಣ್ಣದ ನೂಲಿನ ಪಟ್ಟಿ ಹೆಣೆಯಿರಿ. ಬೀಡಿ ಸೇದುತ್ತಾ ಕಟ್ಟೆಯ ಮೇಲೆ ಕೂತು ಚಿಂತಿಸುವುದಕ್ಕಿಂತ ಇದು ಮೇಲು.

4. ಮಣ್ಣೆತ್ತಿನ ಅಮಾವಾಸ್ಯೆಗೆ ಪೇಟೆಯ ಅಚ್ಚಿನ ಎತ್ತು ತರುವ ಬದಲು ಮಕ್ಕಳೊಡನೆ ಎರೆಮಣ್ಣು ಕಲಸಿ ನೀವೇ ಮಾಡಿ.

5. ಹಿಂಡುವಾಗ ಮೆಲ್ಲಗೆ ಪದ ಹಾಡಿ. ದಿನವೂ ಅದೇ ದನಿ ಕೇಳಿದ ಆಕಳು ಅದಕ್ಕೆ ಹೊಂದಿಕೊಳ್ಳುತ್ತದೆ.

ಚೆಂದವಾಗಿಯೇ ಬರಬೇಕೆಂಬ ಹಟ ಬೇಡ. ಇದು ಸ್ಪರ್ಧೆಯಲ್ಲ.

ಆ ಅಕ್ಕ ಮತ್ತೆ ಕೌದಿ ಬಿಚ್ಚಿದರು. ಸತ್ತ ಆಕಳ ಮೇಲೆ ಹೊದಿಸುತ್ತಿದ್ದ ಹಳೆಯ ಸೀರೆಯ ತುಂಡನ್ನು ನಡುವೆ ಇಟ್ಟು ಹೊಲಿದರು. ಸಾಲವೇನೂ ಕರಗಲಿಲ್ಲ. ಆದರೆ ಕೈಯ ಗಡಿಬಿಡಿ ನಿಂತಿತು. ಕೆಲವು ವಾರಗಳಲ್ಲಿ ಆಕಳು ಮೊದಲಿನಂತೆ ನಿಂತು ಹಾಲು ಕೊಡತೊಡಗಿತು.

ಒಂದು ಎಚ್ಚರಿಕೆ: ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ಬದುಕೇ ಬೇಡವೆನಿಸಿದರೆ ಕೌದಿ, ರಂಗೋಲಿ ಸಾಲದು. ಮನೆಯವರಿಗೆ ತಿಳಿಸಿ, ವೈದ್ಯರನ್ನು ಕಾಣಿರಿ. 2022ರಲ್ಲಿ ಆರಂಭವಾದ ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಆಕಳಿಗೆ ಜ್ವರ ಬಂದರೆ ನಾಚದೆ ನಮ್ಮನ್ನು ಕರೆಯುತ್ತೀರಿ. ನಿಮ್ಮ ಮನಸ್ಸಿಗೆ ಬಂದ ಜ್ವರಕ್ಕೂ ನಾಚಿಕೆ ಬೇಡ.